ಹೊಗಿ ತಂಪೈತಿ

ನಗು, ನಗು! ಆದ್ರ ರಸ್ತಾ ನೋಡಿ ನಗು ಬ್ರಾಹ್ಮೀ, ಮುಂದ ಕಬ್ಬಿನ ಟ್ರ್ಯಾಕ್ಟರ್ ಹೊಂಟೈತಿ. ಎರಡ ಟ್ರೇಲರ್ ಜಗ್ಗಾಕತ್ತೈತಿ ಅದು, ಈಗ ಓವರ್‌ಟೇಕ್ ಬ್ಯಾಡ... ಹಾಂ, ಹಂಗ. ಹಿಂದ ಇರು.

ಯಾಕ ನಗತೀ ಅಂತ ಗೊತ್ತೈತಿ ನನಗ. ಹಲ್ಲಿನ ಡಾಕ್ಟರ್ ಸೊಸಿ ಕಾರು ಹೊಡ್ಯಾಕತ್ತಾಳ, ಬಾಜೂಕ ಅತ್ತಿ ತೊಡಿ ಮ್ಯಾಲ ತಂಬಾಕಿನ ಪೈಪ್ ಇಟಗೊಂಡು ಕುಂತಾಳ. ಅದೂ ಜೈನರ ಮನಿ ಹೆಣಮಗಳು! ಹೊತ್ತು ಮುಳಗೂದ್ರೊಳಗ ಊಟ ಮುಗಸೂ ಚಂಪಾಬಾಯಿ ಟೀಚರ್! ಬಸ್ತಿಗೆ ಬರೂ ಹೆಂಗಸರು ಯಾರರೆ ನೋಡಿದ್ರ ತಲಿ ತಿರಗಿ ಬೀಳ್ತಾರ.

ಆದ್ರ ಇದು ನನಗಲ್ಲ. ನಿಮ್ಮ ಮಾವನೋರಿಗೆ. ನಿನಗ ಗೊತ್ತಿದ್ದದ್ದ ಐತಿ, ಆದ್ರೂ ಹೇಳತೀನಿ. ನಿಮ್ಮ ಮಾವನೋರಿಗೆ.

...ಏನಂದಿ?

ಏನೂ ಅನ್ನಲಿಲ್ಲಾ? ಅಂದಂಗಾತು ನನಗ.

ಈ ಖಿಡಕಿ ಕಾಚು ಸ್ವಲ್ಪ ಇಳಸ್ತೀನಿ ತಡಿ. ಉಸರ ಕಟ್ಟಿದಂಗ ಆಗತೈತಿ... ಅಯ್ಯ, ಏನ ಧೂಳವಾ ಇದು! ಬ್ಯಾಡ, ಏರಸ್ತೀನಿ.

ಎಲ್ಲಿಗೆ ಬಂದಿದ್ದೆ? ಹಾಂ, ಹೆಂಗ ಶುರು ಆತು ಅಂತ ಕೇಳಿದ್ದಿ. ಹೋದ ವರ್ಷ ಮಳಿಗಾಲದಾಗ ಒಂದ ದಿನ ಅವರು ಹಿತ್ತಲ ಖೋಲಿಯಿಂದ ಹೊರಗ ಬಂದು, "ಚಂಪಾ, ಪೈಪ್ ಸೇದಿದ್ರ ನಾಲಗಿ ಸುಡಾಕತ್ತೈತಿ" ಅಂದ್ರು. ನಮ್ಮ ಮನ್ಯಾಗ ಆ ಚಟದ ಹೆಸರ ಯಾರೂ ಎತ್ತತಿದ್ದಿಲ್ಲ. ಹಿತ್ತಲ ಖೋಲಿ ಬಾಗಲಾ ಮುಚ್ಚಿತ್ತಂದ್ರ ಸಾಹೇಬರು ಪೇಪರ್ ಓದಾಕತ್ತಾರ ಅಂತ ನಾವ್ ತಿಳ್ಕೊಬೇಕು. ಅಂಥವರು ತಾವಾಗೇ ಬಾಯಿ ಬಿಟ್ಟು ಹೇಳಿದ್ರು ಅಂದ್ರ ಎಷ್ಟ ತ್ರಾಸ ಆಗಿರಬೇಕು ನೋಡು. ಬ್ಯಾರೆ ಹೆಂಡತಿ ಆಗಿದ್ರ "ಬಿಟ್ಟಬಿಡ್ರಿ" ಅಂತಿದ್ಲು. ನಾ ಫಿಜಿಕ್ಸ್ ಟೀಚರ್. "ತಡೀರಿ, ಅದಕ್ಕೊಂದು ಬಂದೋಬಸ್ತ್ ಮಾಡೂಣು" ಅಂದೆ.

ಮತ್ತ ನಕ್ಕಿ ನೀ!

ಕೇಳಿಲ್ಲೆ. ನಾಲಗಿ ಯಾಕ ಸುಡತೈತಿ? ಹೊಗಿ ಬಿಸಿ, ದಾರಿ ಗಿಡ್ಡ. ಸೀದಾ ನಾಲಗಿ ಮ್ಯಾಲ ಬಂದು ಬಡೀತೈತಿ. ದಾರಿ ಉದ್ದ ಮಾಡು, ದಾರಿ ಗ್ವಾಡಿ ತಂಪ ಇಡು, ಹೊಗಿ ತನ್ನ ಶಾಖ ಅಲ್ಲೇ ಬಿಟ್ಟು ಬರತೈತಿ. ಒಂಬತ್ತನೇ ಕ್ಲಾಸಿನ ಪಾಠ ಇದು. ಮತ್ತ ತಂಪ ಇಡೂದು ಯಾವುದು? ಮಣ್ಣು! ಮಣ್ಣಿನ ಮಗಿ ಜಿನಗತೈತಿ, ಜಿನಗಿದ ನೀರು ಗಾಳಿಗೆ ಆರತೈತಿ, ಆರೂ ಮುಂದ ಶಾಖ ಒಯ್ತೈತಿ. ಮಣ್ಣಂದ್ರ ಖಾನಾಪುರದ ಮಣ್ಣು. ಹಿಂಗಾಗಿ ನಾ ಕುಂಬಾರ ಬಾಳವ್ವನ ಕಡೆ ಹೋದದ್ದು. ಇವತ್ತ ನೋಡಿದಿಯಲ್ಲ ಆಕೀನ್ನ, ಹೆಂಗ ಮಾತಾಡತಾಳ. ಮೊದಲನೇ ಸಲ ಹೋದಾಗ ಗಲ್ಲಕ್ಕ ಕೈ ಹಚ್ಚಿ, "ಅಗಬಾಯಿ! ಹೂವಿನ ಕುಂಡ ಬೇಕಂದ್ರ ಕೊಡತೀನಿ, ಪಣತಿ ಬೇಕಂದ್ರ ಕೊಡತೀನಿ. ಟೀಚರ್ ಬಾಯಾರಿಗೆ ಚಿಲುಮಿ ಯಾಕ ಬೇಕಾತ್ರಿ?" ಅಂತ ಓಣಿಗೆಲ್ಲ ಕೇಳೂವಂಗ ಒದರಿದ್ಲು. ಸಂಶೋಧನೆ ಅಂದೆ ನಾ. ಕೇಳಿದ ಕೂಡಲೇ ಮಣ್ಣು ಕಲಸಾಕ ಕುಂತ್ಲು.

ಮೊದಲನೇದು ಬರೇ ಉದ್ದ ಕೊಳವಿ. ತಂಪಾಗಲಿಲ್ಲ. ಎರಡನೇದರಾಗ ದಾರಿ ಸುತ್ತಿ ಬಳಸಿ ಮಾಡಿಸಿದೆ. ಸುತಳಿ ಸುತ್ತಿ ಇಡೂದು, ಅದರ ಮ್ಯಾಲ ಮಣ್ಣು ಮೆತ್ತೂದು. ಗಡಿಗಿ ಸುಡೂ ಆವಿಗಿಯೊಳಗ ಸುತಳಿ ಸುಟ್ಟ ಹೋಗತೈತಿ, ದಾರಿ ಉಳೀತೈತಿ. ಈ ಯೋಚನಾ ನಂದು. ತನ್ನದು ಅಂತ ಬಾಳವ್ವ ಹೇಳ್ಕೊಂತ ಹೊಂಟಾಳ, ಹೇಳ್ಕೊಳ್ಳಲಿ. ನನ್ನ ವಹಿಯೊಳಗ ಚಿತ್ರ ಸಮೇತ ತಾರೀಖು ಹಾಕಿ ಬರದಿಟ್ಟೀನಿ. ಆದ್ರ ಏನಾತು, ಹೊಗಿ ತಂಪಾದ ಕೂಡಲೇ ಒಳಗ ನೀರು ಬಿಡತೈತಿ. ಗುಳುಗುಳು ಅಂತ ಕಹಿ ರಸ ಬಾಯಿಗೇ ಬಂತು. ಥೂ! ಅದರ ರುಚಿ ಹೆಂಗಂದ್ರ... ಸುಟ್ಟ ಬೇವಿನ ತೊಪ್ಪಲಾ ಕುದಿಸಿ ಕುಡದಂಗ, ಎರಡ ದಿನ ಗಂಟಲದಾಗ ಕುಂತಿತ್ತು...

ಬಂತಂತ. ಅವರ ಬಾಯಿಗೆ. ಅವರು ಹೇಳಿದ್ರು.

ನೋಡಬ್ಯಾಡ ಹಂಗ. ಟ್ರ್ಯಾಕ್ಟರ್ ನಿಂತತು ನೋಡು, ಬ್ರೇಕ್!

...ಖರೇ ಹೇಳಬೇಕಂದ್ರ ಒಂದೆರಡು ದಮ್ಮು ನಾನೂ ಎಳದು ನೋಡೀನಿ. ಪರೀಕ್ಷಾಕ್ಕ. ಅದರಾಗೇನೈತಿ? ಅಡಗಿ ಮಾಡಾಕಿ ಉಪ್ಪು ನೋಡೂದಿಲ್ಲೇನು? ನಿಮ್ಮ ಮಾವನೋರಿಗೆ ಏನ ಕೇಳಿದ್ರೂ "ಚಲೋ ಐತಿ" ಅಂತಾರ. ಉಪ್ಪಿಟ್ಟಿಗೂ ಅದ ಮಾತು, ಪೈಪಿಗೂ ಅದ ಮಾತು. ಅಂಥವರ ಮ್ಯಾಲ ಸಂಶೋಧನೆ ಹೆಂಗ ಮಾಡ್ಲಿ? ನಾ ಒಳಗ ನುಂಗೂದಿಲ್ಲ. ಬಾಯಾಗ ಹಿಡದು, ನಾಲಗಿ ಮ್ಯಾಲ ಹೊಳ್ಳಸಿ, ಬಿಟ್ಟಬಿಡೂದು. ಎಷ್ಟ ಬಿಸಿ, ಎಲ್ಲಿ ಚುರ್ ಅಂತೈತಿ, ಬರದಿಡೂದು. ಅಷ್ಟ.

ಮೂರನೇದಕ್ಕ ಬುಡದಾಗ ಸಣ್ಣ ತಗ್ಗು ಮಾಡಿಸಿದೆ, ಕಹಿ ರಸ ಅಲ್ಲೇ ಇಳದು ನಿಂದ್ರಲಿ ಅಂತ. ಆವಿಗಿಯೊಳಗ ಸೀಳಿ ಹೋತು. ಒಂದ ಕಡೆ ಗ್ವಾಡಿ ದಪ್ಪ, ಒಂದ ಕಡೆ ತೆಳ್ಳಗ. ಬಾಳವ್ವ "ಗ್ರಹಚಾರ" ಅಂದ್ಲು. ಗ್ರಹಚಾರ ಅಲ್ಲ ತಾಯಿ, ಗ್ವಾಡಿ ಅಂದೆ.

ನಾಲ್ಕನೇದು ಇದು. ನನ್ನ ತೊಡಿ ಮ್ಯಾಲ ಐತಲ್ಲ, ಇದ. ನೋಡು, ಎರಡು ಗ್ವಾಡಿ, ನಡುವ ನೀರು. ಈ ತೂತಿನ್ಯಾಗ ನೀರು ಹಾಕೂದು, ಬೆಂಡಿನ ಬೂಚು ಹಾಕೂದು. ಹೊರಗಿನ ಗ್ವಾಡಿ ಹಸಿ ಹಸಿ ಇರತೈತಿ, ಮುಟ್ಟಿದ್ರ ಮಗಿ ಮುಟ್ಟಿದಂಗ. ಬಾಯಿಗೆ ಹಿಡಿಯೂದು ಬಿದಿರಿಂದು. ಮುಟ್ಟಿ ನೋಡು... ಬ್ಯಾಡ ಬ್ಯಾಡ, ಸ್ಟೇರಿಂಗ್ ಹಿಡಿ. ನಮ್ಮ ಸಾಲಿ ಲ್ಯಾಬಿನ ಥರ್ಮಾಮೀಟರ್ ತುದಿಗಿಟ್ಟು ನೋಡೀನಿ. ಹೊರಗಿನ ಗಾಳಿಗಿಂತ ತಂಪ ಬರತೈತಿ ಹೊಗಿ! ಗಾಳಿಗಿಂತ! ಯಾವ ಫಾರಿನ್ ಕಂಪನಿಯವರೂ ಇದನ್ನ ಮಾಡಿರಲಿಕ್ಕಿಲ್ಲ. ಪ್ರತೀಕಗ ತೋರಿಸಿದ್ರ, "ಅವ್ವಾ, ಪೇಟೆಂಟ್ ಮಾಡಸು" ಅಂತಾನ. ಚೇಷ್ಟಿ ಮಾಡ್ತಾನ ನನ್ನ ಮಗ, ಆದ್ರ ಕಣ್ಣಾಗ ಹೆಮ್ಮಿ ಇತ್ತು, ನಾ ನೋಡೀನಿ.

ಏನು?

...ಇದು ತಂಪಿದ್ದ ಮ್ಯಾಲ ಐದನೇದು ಯಾಕ ಮಾಡಾಕ ಹೇಳಿ ಬಂದಿ ಅಂತೀಯಾ?

ಚಲೋ ಪ್ರಶ್ನೆ. ಸಾಲಿ ಹುಡುಗರು ಇಂಥಾ ಪ್ರಶ್ನೆ ಕೇಳಿದ್ರ ಶಭಾಷ್ ಅಂತಿದ್ದೆ. ಯಾಕಂದ್ರ... ದಾರಿ ಇನ್ನೂ ಒಂದೆರಡು ಸುತ್ತು ಉದ್ದ ಆಗಬೇಕು. ಬಿದಿರು ಬದಲಿ ಆಗಬೇಕು. ಇನ್ನೂ ಸುಡತೈತಿ ಅದಕ್ಕ! ಏನ ಇನ್ನೂ ಸುಡತೈತಿ ಅಂತೀ? ನಾಲಗಿ! ಮತ್ತೇನು ಸುಡೂದೈತಿ?

ಎ.ಸಿ. ಹಾಕು. ಬ್ಯಾಡ, ಬ್ಯಾಡ. ಪಿರನವಾಡಿ ಬಂತೇನು? ಚಾ ಕುಡಿಯೂಣೇನು ಇಲ್ಲೆ? ಬ್ಯಾಡ ಬಿಡು, ಇವರ ಚಾ ಕುದಿ ಕುದಿ ಇರತೈತಿ.

ಶೇಂಗಾ ಹಿಂಡಿ ಮುಟ್ಟಲಿಲ್ಲ ಅಂತ ನೋಡಿದೀ ನೀ. ಬಾಳವ್ವನ ಅಂಗಳದಾಗ ಬುತ್ತಿ ಬಿಚ್ಚಿದಾಗ ನೋಡಿದೀ. ನಿನ್ನ ಕಣ್ಣು ನನ್ನ ಗಂಗಾಳದ ಮ್ಯಾಲ ಇತ್ತು. ರೊಟ್ಟಿ ಮೊಸರಿನ್ಯಾಗ ನೆನಸಿ ತಿಂದ್ರ ಏನಾತು? ವಯಸ್ಸಾತು, ಖಾರ ಬ್ಯಾಡ ಅನಸ್ತೈತಿ. ಮುಂಜಾನೆ ಗುಂಜಿ ಊರಾಗೂ ಹಂಗ. ನಿಮ್ಮ ಹಲ್ಲಿನ ಶಿಬಿರದ ಸಿಸ್ಟರ್, ಆ ನಾಗರತ್ನಾ, "ಬರ್ರಿ ಅಮ್ಮಾರ, ಕುಂದರ್ರಿ, ನಿಮ್ಮ ಬಾಯಿನೂ ನೋಡಿಬಿಡೂಣು" ಅಂತ ಕರದ್ಲು. "ನನ್ನ ಬಾಯಿ ನನ್ನ ಸೊಸಿ ದಿನಾ ನೋಡತಾಳ" ಅಂದೆ ನಾ. ಎಲ್ಲಾರೂ ನಕ್ಕರು. ನೀ ಬ್ಯಾಟರಿ ಹಿಡಕೊಂಡು ಅಲ್ಲೇ ನಿಂತಿದ್ದಿ. ನೀ ಒಬ್ಬಾಕೀನ ನಗಲಿಲ್ಲ.

ಏನರೆ ಮಾತಾಡವಾ. ನಾನ ಒದರಾಕತ್ತೀನಿ ಖಾನಾಪುರದಿಂದ.

ಇರಲಿ, ನಾನ ಹೇಳತೀನಿ. ನಾ ಹುಡುಗರಿಗೆ ಏನ ಕಲಸ್ತಿದ್ದೆ ಗೊತ್ತೇನು? ಎಲ್ಲಿ ತಪ್ಪೈತಿ ಅಂತ ಹುಡಕಬೇಕಾದ್ರ ಒಂದ ಸಲಕ್ಕ ಒಂದನ್ನ ಬದಲಿ ಮಾಡ್ರಿ, ಬಾಕಿದ್ದು ಹಂಗ ಇಡ್ರಿ. ಹಂಗ ಮಾಡೀನಿ. ದಾರಿ ಬದಲಿ ಮಾಡಿದೆ, ಸುಡೂದು ನಿಂದ್ರಲಿಲ್ಲ. ಗ್ವಾಡಿ ಬದಲಿ ಮಾಡಿದೆ, ನಿಂದ್ರಲಿಲ್ಲ. ನಿಪ್ಪಾಣಿ ತಂಬಾಕು ಬಿಟ್ಟು ಬ್ಯಾರೆ ತರಿಸಿದೆ. ನಿಂದ್ರಲಿಲ್ಲ. ಹೊಗಿ ಗಾಳಿಗಿಂತ ತಂಪಾತು. ಆದ್ರೂ ಸುಡತೈತಿ. ಸೇದಿದಾಗಷ್ಟ ಅಲ್ಲ, ಸೇದಲಾರದಾಗೂ. ಮುಂಜಾನೆ ಎದ್ದು ನೀರು ಮುಕ್ಕಳಿಸಿದ್ರೂ. ಎಲ್ಲಾ ಬದಲಿ ಮಾಡೀನಿ ಬ್ರಾಹ್ಮೀ, ಬದಲಿ ಮಾಡದಿದ್ದದ್ದು ಒಂದ ಉಳೀತು...

...

ಅವರದು. ಅವರ ನಾಲಗಿ. ಅವರದ ಹೇಳಾಕತ್ತೀನಿ ನಾ.

ಟಿಳಕವಾಡಿ ರೈಲ್ವೆ ಗೇಟು ಬಿದ್ದೈತಲ್ಲ. ಈಗ ಯಾವ ಗಾಡಿ? ಗೋವಾದ್ದೇನು? ಇಂಜಿನ್ ಬಂದ್ ಮಾಡಿದಿ? ಮಾಡು. ಪೆಟ್ರೋಲ್ ಉಳೀತೈತಿ.

...ಹಿಂಗ ನನ್ನ ಕಡೆ ತಿರಗಿ ಕುಂದ್ರಬ್ಯಾಡ. ಗೇಟು ನೋಡು.

ಏನು? ಯಾವಾಗ? ಹೋದ ತಿಂಗಳಾ? ನಿನ್ನ ಕ್ಲಿನಿಕ್ಕಿಗೆ ಬಂದಿದ್ರಾ ಅವರು? ಹಲ್ಲು ಸ್ವಚ್ಛ ಮಾಡಿಸಿಕೊಳ್ಳಾಕ? ನನಗ ಹೇಳಲಿಲ್ಲ! ನಲವತ್ತು ವರ್ಷದ ಸಂಸಾರ, ಒಂದ ಮಾತು ಹೇಳಲಿಲ್ಲ! ಮತ್ತ... ಮತ್ತ ಏನಂದ್ರು?

...ದೀಪಾವಳಿಯಿಂದ ಮುಟ್ಟಿಲ್ಲ ಅಂದ್ರು.

ನಾಲಗಿ ನೋಡೀದೀ? ನೋಡಿರತೀ ನೀ. ಡಾಕ್ಟರ್ ಅಲ್ಲಾ. ಸಣ್ಣ ಹುಡುಗರ ನಾಲಗಿ ಇದ್ದಂಗ ಐತೇನು? ಆತು. ಒಳ್ಳೇದಾತು.

ಹೌದು ಮತ್ತ, ಬಿಟ್ಟಾರ! ಕೆಮ್ಮು ಬಂತು, ಹೆದರಿದ್ರು, ಬಿಟ್ಟರು. ಹಿತ್ತಲ ಖೋಲಿ ಮಾತ್ರ ಹೊಗಿ ಬಿಟ್ಟಿಲ್ಲ, ಅಲ್ಲಾ? ವಾಸನಿ ಇನ್ನೂ ಬರತೈತಿ, ಅದನ್ನೂ ಹಿಡದಿರತೀ. ಅವರು ಬಿಟ್ಟಾಗ ನಂದು ಮೂರನೇದು ಆವಿಗಿಯೊಳಗ ಇತ್ತು. ನಾ ಏನ ಮಾಡ್ಲಿ? ಕೆಲಸ ಅರ್ಧಕ್ಕ ಬಿಟ್ಟು ಗೊತ್ತಿಲ್ಲ ನನಗ. ಪರೀಕ್ಷಾ ಮಾಡಾಕ ಯಾರರೆ ಬೇಕಲ್ಲಾ? ಊಟಾದ ಮ್ಯಾಲ ಆ ಖೋಲ್ಯಾಗ ಕುಂದ್ರೂದು, ಖಿಡಕಿ ತಗಿಯೂದು, ನೀರು ತುಂಬೂದು, ಎರಡ ದಮ್ಮು... ಎರಡ ಅಂದ್ರ ಎರಡ ಅಲ್ಲ ಬಿಡು. ಸಾಲಿ ಬಿಟ್ಟ ಮ್ಯಾಲ ಇಷ್ಟ ಸಂತೋಷ ನನಗ ಯಾವುದರಾಗೂ ಸಿಕ್ಕಿದ್ದಿಲ್ಲ. ಸೇದೂದ್ರಾಗ ಅಲ್ಲ. ಮಾಡೂದ್ರಾಗ. ಸೇದೂದ್ರಾಗೂ, ಸ್ವಲ್ಪ.

ಗೇಟು ಎದ್ದತು. ಹೊಡಿ. ಹಿಂದಿನಂವ ಹಾರ್ನ್ ಬಾರಸಾಕತ್ತಾನ, ಹೊಡಿ!

ಯಾರಿಗೂ ಹೇಳಬ್ಯಾಡ ಇದನ್ನ. ಮನಿಗೆ ಹೋಗೂಣು, ನಾ ಚಾ ಮಾಡ್ತೀನಿ, ಆರಿಸಿ ಕುಡಿಯೂಣು. ಇದನ್ನ ಒಡದ ಹಾಕಬೇಕೇನು? ಹಾಕತೀನಿ. ನಿನ್ನ ಮುಂದ ಹಾಕತೀನಿ. ಬಾಳವ್ವಗೂ ಫೋನ್ ಮಾಡಿ ಬ್ಯಾಡ ಅಂತೀನಿ. ಆತಲ್ಲ? ಮುಗೀತಲ್ಲ? ಸೇದೂದು ಬಿಟ್ರ ಸುಡೂದೂ ಬಿಡತೈತಿ. ಮನ್ಯಾಗ ಒಂದೆರಡ ವಾರ ಮೊಸರನ್ನ ಉಂಡ್ರ...

ಬ್ರಾಹ್ಮೀ, ಸದಾಶಿವನಗರದ ತಿರುವು ಹಿಂದ ಉಳೀತು.

ಬ್ರಾಹ್ಮೀ! ಮನಿ ಹಿಂದ ಉಳೀತು ಅನ್ನಾಕತ್ತೀನಿ. ಇದು ನೆಹರು ನಗರದ ರಸ್ತಾ. ಆಸ್ಪತ್ರಿ ರಸ್ತಾ. ಇವತ್ತ ಅಲ್ಲಿ ನಿಂದೇನೂ ಕೆಲಸ ಇಲ್ಲಲ್ಲಾ? ತಿರುಗಸು. ನಾ ಹೇಳಾಕತ್ತೀನಿ, ಕಾರು ತಿರುಗಸು. ನನ್ನ ಕೇಳಲಾರದ ನನ್ನ ಎಲ್ಲಿಗೆ ಒಯ್ಯಾಕತ್ತೀ? ಯಾರ ಮುಂದ ಬಾಯಿ ತಗೀಬೇಕು ನಾ? ಹೆಣಮಗಳು, ಟೀಚರ್, ಏನ ಚಟಾ ರೀ ನಿಮಗ ಅಂತ ಕೇಳಿದ್ರ ಏನಂತ ಹೇಳ್ಲಿ? ಸಂಶೋಧನೆ ಅಂತ ಹೇಳ್ಲಾ?

...

ಕಣ್ಣು ಯಾಕ ಒರಸ್ಕೊಳ್ಳಾಕತ್ತೀ?

ಬ್ರಾಹ್ಮೀ... ಇಷ್ಟೊತ್ತು ನೀ ಸಿಟ್ಟಿನಿಂದ ಸುಮ್ಮನಿದ್ದಿ ಅಂತ ತಿಳದಿದ್ದೆ ನಾ.

ಹಗೂರ ಹೊಡಿ. ಅವಸರ ಬ್ಯಾಡ. ಸಿಗ್ನಲ್ ಐತಿ, ನಿಂದ್ರಸು. ಹಾಂ.

ಎಡಕ್ಕ. ನಾಲಗಿ ಎಡಗಡೆ ಅಂಚಿಗೆ, ಕೆಳಗ. ಕನ್ನಡಿಯೊಳಗ ನೋಡಬೇಕಂದ್ರ ನಾಲಗಿ ಎತ್ತಿ ಹೊಳ್ಳಸಬೇಕು. ಮೊದಲ ಬೆಳ್ಳಗ ಇತ್ತು, ಅಕ್ಕಿ ನುಚ್ಚಿನಷ್ಟು. ಈಗ ಕೆಂಪಗ ಆಗೈತಿ, ಗಟ್ಟಿ ಆಗೈತಿ. ಹಲ್ಲು ತಾಗಿದ್ರ ರಕ್ತ ಬರತೈತಿ. ತುಪ್ಪ ಹಚ್ಚಿದೆ, ಜ್ಯೇಷ್ಠಮಧು ಹಚ್ಚಿದೆ. ಮಾಯವಲ್ದು. ಪ್ರತೀಕಗ ನೀ ಹೇಳಬ್ಯಾಡ, ನಾನ ಹೇಳತೀನಿ.

ಹೇಳಿದ್ನೆಲ್ಲ ಈಗ? ಎಲ್ಲಾ ಹೇಳಿದೆ. ಈಗ ನೀ ಹೇಳು. ಸಾದಾ ಹುಣ್ಣು ಅತ್ತಿ, ವಾರದಾಗ ಮಾಯತೈತಿ ಅನ್ನು. ಇಷ್ಟ ಮಂದಿ ಬಾಯಿ ನೋಡೀದಿ, ನಿನಗ ಗೊತ್ತಿರತೈತಿ.

ಅನ್ನವಾ. ಸುಳ್ಳಾದ್ರೂ ಅನ್ನು.

...ಬ್ರಾಹ್ಮೀ?