ಚುಕ್ಕೆ ನುಂಗಿದ ಗೆರೆ

ಕಣ್ಣಿನ ಡಾಕ್ಟರ ಕೋಣೆಯ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಅಕ್ಕ, ತಮ್ಮ ಕೂತಿದ್ದರು. ಅಕ್ಕನ ಮುಖದಲ್ಲಿ ಹಬ್ಬದ ಕಳೆ.

"ಕೊನೆಗೂ ಗೆದ್ದೆ ಕಣೋ."

"ಅದೇ ಚಿತ್ರದ ಜಗಳಾನಾ?"

"ಹೂಂ. ಔಷಧದಂಗಡಿ ವೆಬ್‌ಸೈಟಿನ ಹಳೇ ಪುಟ, ಹೊಸ ಪುಟ ಎರಡರ ಚಿತ್ರಾನೂ ಕಂಪ್ಯೂಟರ್ ಹೋಲಿಸಿ ನೋಡುತ್ತಲ್ಲ, ಏನೂ ಬದಲಾಗದಿದ್ರೂ ತಪ್ಪಿದೆ ಅಂತ ದಿನಾ ಕೆಂಪು ತೋರಿಸ್ತಿತ್ತು."

"ತೋಳ ಬಂತು ತೋಳ ಅನ್ನೋ ಹಾಗೆ."

"ಅದಕ್ಕೇ ಯಾರೂ ತಿರುಗಿ ನೋಡ್ತಿರಲಿಲ್ಲ. ಸಣ್ಣಪುಟ್ಟ ವ್ಯತ್ಯಾಸಕ್ಕೆಲ್ಲ ಸುಮ್ನಿರೋ ಹಾಗೆ ಮಾಡಮ್ಮ ಅಂತ ಮ್ಯಾನೇಜರ್ ಬೆನ್ನು ಬಿದ್ದಿದ್ರು."

"ನೀನು ಕೇಳ್ಬೇಕಲ್ಲ!"

"ಕೇಳ್ಲಿಲ್ಲ. ಹಳೇ ಚಿತ್ರ ನನ್ನ ಲ್ಯಾಪ್‌ಟಾಪಲ್ಲಿ ತೆಗೆದಿದ್ದು, ಹೊಸದು ಆಫೀಸಿನ ಸರ್ವರಲ್ಲಿ. ಫಾಂಟೇ ಬೇರೆ. ಅಕ್ಷರ ಕೂದಲೆಳೆಯಷ್ಟು ದಪ್ಪ ಆದ್ರೂ ಕಂಪ್ಯೂಟರಿಗೆ ತಪ್ಪೇ."

"ಈಗೇನ್ಮಾಡ್ದೆ?"

"ಪ್ರತಿ ಬ್ರೌಸರಿನಲ್ಲೂ ಹಳೇದು, ಹೊಸದು ಎರಡನ್ನೂ ಒಂದೇ ಸರ್ವರಲ್ಲಿ, ಒಂದೇ ಫಾಂಟಲ್ಲಿ ತೆಗೆಸ್ದೆ. ಎಲ್ಲಾ ಹಸಿರು! ಒಂದು ಮಾತ್ರ ಕೆಂಪು."

"ಹಾಗಾದ್ರೆ ಸೋತೆ ಅನ್ನು."

"ಅದೇ ಕಣೋ ಗೆಲುವು! ತೆಗೆದು ನೋಡಿದ್ರೆ, ಆ ಒಂದು ಬ್ರೌಸರಿನಲ್ಲಿ ಹೊಸ ಪುಟದ ಅಂಕಿಯ ಅಡಿಗೆರೆ ಮೇಲೆ ಸರಿದು ಚುಕ್ಕೇನ ನುಂಗಿಬಿಟ್ಟಿದೆ. ಮಗುವಿನ ಸಿರಪ್ಪು ೨.೫ ಮಿಲಿ ಅಲ್ಲ, ೨೫!"

ತಮ್ಮ ಅಕ್ಕನ ಕಡೆ ತಿರುಗಿ ಕೂತ.

"ಮ್ಯಾನೇಜರ್ ಏನಂದ್ರು?"

"ಹೊಸ ಪುಟ ಹೊರಗೆ ಬಿಡಬೇಡಿ ಅಂತ ತಾವೇ ಎದ್ದು ಓಡಿದ್ರು."

ಬಾಗಿಲು ತೆರೆಯಿತು. "ಕಣ್ಣು ಪರೀಕ್ಷೆ ಯಾರಿಗೆ?" ಎಂದರು ನರ್ಸ್.

"ನನಗೆ," ಎಂದು ತಮ್ಮ ಎದ್ದ. "ಇವಳಿಗೆ ಬೇಕಾಗಿಲ್ಲ."