ಉಪ್ಪುಮೀನಿನ ಪೀಪಾಯಿ ಮೇಲಿದ್ದ ರೋಲರ್

ಇಲ್ಲಾ ತಂಗಿ, ಈ ಸಲ ನಿನ್ನ ಅಜ್ಜ ಹೇಳೂದು ಒಂದಕ್ಷರಾನೂ ಸುಳ್ಳಲ್ಲ, ಬೇಕಾರೆ ನಿನ್ನ ತಲೆ ಮೇಲೆ ಕೈ ಇಟ್ಟು ಹೇಳ್ತೆ. ತಲೆ ಯಾಕೆ ಹಿಂದೆ ತೆಗ್ದೆ? ಬಾ ಇಲ್ಲಿ, ತಮ್ಮನ್ನೂ ಕರಿ, ಜಗಲಿ ಮೇಲೆ ಕೂತ್ಕಳಿ ಇಬ್ರೂ. ಹೋದ ಸಲ ಮೊಸಳೆ ಕತೆ ಹೇಳಿದ್ನಲ್ಲ, ಅದ್ರಲ್ಲಿ ಮೊಸಳೆ ಒಂದು ಬಿಟ್ರೆ ಉಳಿದದ್ದೆಲ್ಲ ಖರೆ. ಇದು ಹಂಗಲ್ಲ, ಇದು ಪೂರ್ತಿ ಖರೆ. ಚೈನ್ ಟ್ರ್ಯಾಕ್ಟರ್ ಕತೆ ಇದು. ನೀನಿನ್ನೂ ತೊಟ್ಟಿಲಲ್ಲಿದ್ದೆ, ತಮ್ಮ ಹುಟ್ಟಿರ್ಲಿಲ್ಲ.

ನಮ್ಮ ಗಜನಿ ಗೊತ್ತದೆಯಲ್ಲ, ಹೊಳೆ ಸಮುದ್ರಕ್ಕೆ ಸೇರೂ ಕಡೆ ಇರೂ ಗದ್ದೆ, ಉಪ್ಪುನೀರಿನ ಗದ್ದೆ. ಭರತಿ ಬಂದು ಸಮುದ್ರ ಏರ್ದಾಗ ನೀರು ಒಳಗೆ ನುಗ್ಗಬಾರ್ದು ಅಂತ ಸುತ್ತ ಮಣ್ಣಿನ ಕಟ್ಟೆ. ಅಲ್ಲಿ ಬೆಳೆಯೂದು ಕಗ್ಗ ಭತ್ತ. ಕಗ್ಗ ಉಪ್ಪು ತಡೀತದೆ, ಬಿಸಿಲು ತಡೀತದೆ, ನಿನ್ನ ಅಜ್ಜಿ ಸಿಟ್ಟನ್ನೂ ತಡೀತದೆ, ಆದ್ರೆ ಮೊಳಕೆ ಬಿತ್ತಿದ ಕೂಡ್ಲೆ ಭರತಿ ನುಗ್ತು ಅಂದ್ರೆ ಮುಗೀತು, ಬೀಜ ಎಲ್ಲಾ ಸಮುದ್ರಕ್ಕೆ, ಊರಿಗೆ ಊರೇ ಆ ವರ್ಷ ಗಂಜಿಗೂ ಗತಿ ಇಲ್ದೆ ಕೂರೂದು. ಆ ವರ್ಷ ಆದದ್ದೂ ಹಂಗೇ. ಬಿತ್ತಿ ಮುಗ್ಸಿದ್ದೇವೆ, ಏಡಿಗಳು ತೂತು ಕೊರೆದೂ ಕೊರೆದೂ ಕಟ್ಟೆ ಒಡೀತು. ಎಂಥಾ ಏಡಿ ಅಂದ್ರೆ ಒಂದೊಂದು ನಮ್ಮ ಅಂಗಳದ ಬಾಗಿಲಷ್ಟು... ಆತು, ಆತು, ತಟ್ಟೆಯಷ್ಟು. ಸಣ್ಣ ಭರತಿ ಆದ್ರೆ ಹೆಂಗೋ ಮಣ್ಣು ಹಾಕಿ ತಡೀಬಹುದು, ಆದ್ರೆ ಎದುರಿಗೇ ಅಮಾಸೆ ಇತ್ತು. ಅಮಾಸೆ ಭರತಿ ಅಂದ್ರೆ ಸಮುದ್ರ ಊರು ನೋಡೂಕೆ ಬಂದಹಂಗೆ. ಅದ್ರೊಳಗೆ ಕಟ್ಟೆ ಒಡೆದ ಗಂಡಿ ಮುಚ್ಚಬೇಕು.

ಒಂದು ಚಕ್ರದ ಟ್ರ್ಯಾಕ್ಟರ್ ತರ್ಸಿದ್ರು ಮಣ್ಣು ದೂಡೂಕೆ. ಗಜನಿ ಕೆಸರು ಕೇಳ್ತದಾ? ನೋಡ್ತಾ ನೋಡ್ತಾ ಹೂತೇ ಹೋತು. ಡ್ರೈವರಂದು ಟೊಪ್ಪಿ ಒಂದೇ ಕಾಣ್ತಿತ್ತು. ಅಲ್ಲ, ಟೊಪ್ಪಿ ಅಲ್ಲ, ಬೀಡಿ. ಬೀಡಿ ಹೊಗೆ ಬರ್ತಿತ್ತಲ್ಲ, ಆ ಗುರ್ತಿನ ಮೇಲೆ ಹಗ್ಗ ಹಾಕಿ ಎಳೆದದ್ದು ಅವನ್ನ. ಆವಾಗ ನಾನು ಎದ್ದು ನಿಂತೆ, ಊರೆಲ್ಲಾ ಸೇರಿತ್ತು, ಹೇಳ್ದೆ, "ಮುಚ್ಚಿದ ಹೆಂಚಿನ ಕಾರ್ಖಾನೆ ಹಿಂದೆ ಚೈನ್ ಟ್ರ್ಯಾಕ್ಟರ್ ಬಿದ್ದದೆ, ಅದನ್ನ ನಾನು ಎಬ್ಬಿಸ್ತೆ. ಎಬ್ಬಿಸ್ಲಿಲ್ಲ ಅಂದ್ರೆ ಈ ಮೀಸೆ ಇಲ್ಲ." ಎಲ್ರೂ ನಕ್ರು. ಚೈನ್ ಟ್ರ್ಯಾಕ್ಟರ್‌ಗೆ ಚಕ್ರ ಇರೂದಿಲ್ಲ ತಂಗಿ, ಎರಡೂ ಬದಿ ಕಬ್ಬಿಣದ ಹಲಗೆ ಜೋಡ್ಸಿದ ಚೈನು, ಕೆಸರಲ್ಲಿ ಬಾತುಕೋಳಿ ಹೋದಹಂಗೆ ಹೋಗ್ತದೆ. ಆದ್ರೆ ಇದು ಎಷ್ಟು ಹಳೇದು ಅಂದ್ರೆ ಒಳಗೆ ಹಲಸಿನ ಗಿಡ ಹುಟ್ಟಿ ಕಾಯಿ ಬಿಟ್ಟಿತ್ತು.

ದಾಮು ಭಾವನ್ನ ಕರ್ಕಂಡು ಹೋದೆ. ನಿನ್ನ ಅಜ್ಜಿ ತಮ್ಮ, ಬೋಟಿನ ಎಂಜಿನ್ ರಿಪೇರಿ ಮಾಡವ, ಮಾತು ಕಮ್ಮಿ, ತಲೆ ಕೆರ್ಕಳೂದು ಹೆಚ್ಚು. ಅವ ಎಂಜಿನ್ ಬಿಚ್ಚಿದ, ತೊಳೆದ, ಕಟ್ಟಿದ, ಸ್ಟಾರ್ಟ್ ಮಾಡ್ದ. ಹೊಗೆ ಕೊಳವೆಯಿಂದ ಒಂದು ಬೆಳ್ಳಕ್ಕಿ ಹಾರಿತು ನೋಡು, ಗೂಡು ಕಟ್ಟಿತ್ತು ಒಳಗೆ, ಹೊರಗೆ ಬರೂವಾಗ ಕಾಗೆ ಆಗಿತ್ತು. ಇವತ್ತಿಗೂ ನಮ್ಮ ಬದಿ ಒಂದು ಉದ್ದ ಕಾಲಿನ ಕಾಗೆ ಅದೆ, ಅದೇ ಅದು. ಎಂಜಿನ್ ಏನೋ ಕೂಗ್ತು, ಆದ್ರೆ ದಾಮು ಕೆಳಗೆ ಬಗ್ಗಿ ನೋಡಿ ತಲೆ ಕೆರ್ಕಂಡ. "ಭಾವ, ಚೈನ್ ಕೆಳಗಿನ ರೋಲರ್ ಒಂದು ಇಲ್ಲ. ಗಾಡಿ ಭಾರ ಎಲ್ಲಾ ಕೂರೂದು ಅದ್ರ ಮೇಲೆ. ಅದಿಲ್ದೆ ಹೊರಟ್ರೆ ಚೈನ್ ಕಳಚಿ ಅಲ್ಲೇ ಕೂರೂದು."

ಕುಮಟೆ ಪೇಟೆಗೆ ಹೋದ್ವಿ. ಅಂಗಡಿಯವ ಮೊಬೈಲಲ್ಲಿ ತಿಕ್ಕಿದ, ತಿಕ್ಕಿದ. "ಅಜ್ಜಾ, ಈ ಗಾಡಿ ಮ್ಯೂಸಿಯಮ್ಮಲ್ಲಿ ಅದೆ ಅಂತ ತೋರಿಸ್ತದೆ." "ಹಂಗಾದ್ರೆ ಮ್ಯೂಸಿಯಮ್ಮಿಗೇ ಫೋನ್ ಹಚ್ಚು, ಒಂದು ರೋಲರ್ ಕಳ್ಸೂಕೆ ಹೇಳು, ಗೋಡೆಗೆ ಒರಗ್ಸಿ ಇಟ್ರೆ ಯಾರಿಗೂ ಗೊತ್ತಾಗೂದಿಲ್ಲ." ಹಚ್ಚಲಿಲ್ಲ ಅವ. ಅಲ್ಲಿಂದ ಭಟ್ಕಳಕ್ಕೆ, ಗುಜರಿ ಸಾಹೇಬ್ರ ಹತ್ರ. ಭಾರೀ ಒಳ್ಳೇ ಜನ. "ಅರೆ ಕಾಕಾ, ಬನ್ನಿ, ಕೂತ್ಕೊಳ್ಳಿ, ಮೊದ್ಲು ಚಾ." ಚಾ ಕುಡಿದ್ವಿ. ರೋಲರ್ ಚಿತ್ರ ತೋರಿಸ್ದೆ. ನೋಡಿದ್ದೇ ತಡ, ಸಾಹೇಬ್ರ ಕಣ್ಣಲ್ಲಿ ನೀರು. "ಕಾಕಾ, ಇದು ನನ್ನ ಹತ್ರ ಇತ್ತು! ಮುಟ್ಟಳ್ಳಿಲಿ ಇಂಥದ್ದೇ ಗಾಡಿ ಒಡೆದಾಗ ತಂದಿದ್ದೆ. ಕಾಸರಕೋಡದ ಬಾಯಮ್ಮ ಒಬ್ಳು ಬಂದು, ಉಪ್ಪುಮೀನಿನ ಪೀಪಾಯಿ ಮೇಲೆ ಭಾರ ಇಡೂಕೆ ಬೇಕು ಅಂತ ಒಯ್ದಳು. ಕಂಕುಳಲ್ಲಿ ಇಟ್ಕೊಂಡು ಬಸ್ ಹತ್ತಿದ್ಲು ಕಾಕಾ, ಬಸ್ ಒಂದು ಬದಿ ವಾಲಿತು."

ಬಂತಾ ಕಾಸರಕೋಡಕ್ಕೆ ನಮ್ಮ ಸವಾರಿ. ಬಾಯಮ್ಮನ ಮನೆ ಹಿಂದೆ ದೊಡ್ಡ ಪೀಪಾಯಿ. ಒಂದು ಸಾಲು ಬಾಂಗಡೆ, ಒಂದು ಸಾಲು ಉಪ್ಪು, ಮತ್ತೆ ಬಾಂಗಡೆ, ಮತ್ತೆ ಉಪ್ಪು, ಮೇಲೆ ಹಲಗೆ, ಹಲಗೆ ಮೇಲೆ ಜಮ್ಮಂತ ಕೂತದೆ ನಮ್ಮ ರೋಲರು! ಕುಂಕುಮ ಬೇರೆ ಹಚ್ಚಿದ್ಲು. ಕೈ ಮುಗಿದು, ಕುಮಟೆ ಬದಿಯ ನಾಯ್ಕ ಅಂತ ಗುರ್ತು ಹೇಳ್ದೆ. "ತಾಯಿ, ಅದನ್ನ ಕೊಡು, ಊರಿನ ಗದ್ದೆ ಉಳೀತದೆ." "ಕೊಡೂದಾ? ಭಾರ ತೆಗೆದ್ರೆ ಮೀನು ಉಬ್ತದೆ, ಹುಳ ಬೀಳ್ತದೆ. ನಿಮ್ಮ ಗದ್ದೆ ಉಳೀಲಿ, ನನ್ನ ಬಾಂಗಡೆ ಸಾಯ್ಲಿ ಅಂತಾ?" "ಬಾಂಗಡೆ ಸತ್ತೇ ಅದೆಯಲ್ಲ ಮಾರಾಯ್ತಿ." "ಬಾಯಿ ಮಾಡ್ಬೇಡಿ ನಾಯ್ಕರೇ! ಭಾರ ಇಡಿ, ಭಾರ ಒಯ್ಯಿರಿ." ಕಲ್ಲು ಇಡ್ವಾ ಅಂದ್ರೆ ಅಲ್ಲಿ ಬರೀ ಹೊಯ್ಗೆ, ಸಮುದ್ರದ ಮರಳು. ನಮ್ಮ ಬದಿ ಕೆಂಪು ಚಿರೆಕಲ್ಲು ತರ್ತೆ ಅಂದೆ. "ಚಿರೆಕಲ್ಲು ಉಪ್ಪಿಗೆ ಕರಗಿ ಮೀನು ಕೆಂಪಾಗ್ತದೆ, ಕೆಂಪು ಬಾಂಗಡೆ ನೀವು ತಿಂತೀರಾ?" ದಾಮು ನನ್ನ ಕಡೆ ನೋಡ್ದ. ಬಾಯಮ್ಮನೂ ನನ್ನ ಕಡೆ ನೋಡಿದ್ಲು. ಮೇಲಿಂದ ಕೆಳಗೆ, ತೂಕ ಅಳೆದಹಂಗೆ.

ಮೀನಿನ ದೊಡ್ಡ ತಕ್ಕಡಿ ತಂದ್ರು. ಒಂದು ಬದಿ ರೋಲರ್, ಒಂದು ಬದಿ ನಾನು. ರೋಲರ್ ನೆಲದ ಮೇಲೆ, ನಾನು ತೆಂಗಿನಮರದ ತುದೀಲಿ. "ಇವರು ಬರೀ ಮೀಸೆ, ತೂಕ ಇಲ್ಲ" ಅಂದ್ಲು. ಮತ್ತೆಂತ ಮಾಡೂದು, ತಕ್ಕಡೀಲೇ ಊಟಕ್ಕೆ ಹಾಕಿದ್ಲು. ಕುಚ್ಚಲಕ್ಕಿ ಅನ್ನ, ಸಿಗಡಿ ಸಾರು, ಮತ್ತೆ ಅನ್ನ, ಮತ್ತೆ ಸಾರು. ಸ್ವಲ್ಪ ಸ್ವಲ್ಪ ಕೆಳಗೆ ಬಂದೆ. ಹೊಟ್ಟೇಲಿ ಜಾಗ ಇಲ್ಲ, ಇನ್ನೂ ಒಂಚೂರು ಕಮ್ಮಿ. ಕಡೆಗೆ ಒಂದು ಕವಳ ಹಾಕ್ದೆ ನೋಡು, ಎಲೆ ಅಡಿಕೆ ಸುಣ್ಣ, ಸಮಾ ಬಂತು. "ಆತು. ಉಗುಳಬೇಡಿ ಮಾತ್ರ" ಅಂದ್ಲು.

ಹಂಗೆ ರೋಲರ್ ಇಳೀತು, ನಾನು ಹತ್ತಿದೆ. ದಾಮು ರೋಲರ್ ಟೆಂಪೋಕ್ಕೆ ಹಾಕ್ಕಂಡು ಊರಿಗೆ ಹೋದ, ನಾನು ಪೀಪಾಯಿ ಮೇಲೆ ಚಕ್ಕಂಬಕ್ಕಳ ಹಾಕಿ ಕೂತೆ. ಕೆಳಗೆ ಬಾಂಗಡೆ, ಮೇಲೆ ಕಾಗೆ, ಸುತ್ತ ಬೆಕ್ಕು. ದಾರೀಲಿ ಹೋಗವ ಒಬ್ಬ ಯಾವುದೋ ಸ್ವಾಮಿ ಅಂತ ಊದಿನಕಡ್ಡಿ ಹಚ್ಚಿ, ಮಗಳ ಮದುವೆ ಯಾವಾಗ ಆಗ್ತದೆ ಅಂತ ಕೇಳ್ದ. ಬಾಯಲ್ಲಿ ಕವಳ, ಉಗುಳೂಕಿಲ್ಲ, ಮಾತಾಡೂಕಿಲ್ಲ, "ಹ್ಞೂಂ" ಅಂದೆ. ಆ ತಿಂಗಳೇ ಆತಂತೆ ಮದುವೆ. ಅಮಾಸೆ ಕಳೆದು ಮೀನು ಪೂರ್ತಿ ನೀರು ಬಿಡೂವರೆಗೆ ನಾನು ಆ ಪೀಪಾಯಿ ಬಿಟ್ಟು ಒಂದು ಗೇಣು ಅಲ್ಲಾಡ್ಲಿಲ್ಲ ತಂಗಿ, ಬೇಕಾರೆ ಬಾಯಮ್ಮನ್ನ ಕೇಳು.

ಇತ್ಲಾಗೆ ಅಮಾಸೆ ಬಂತು. ದಾಮು ರೋಲರ್ ಕೂರ್ಸಿದ, ಗ್ರೀಸ್ ಸಿಗ್ಲಿಲ್ಲ, ಬೋಟಿಗೆ ಹಚ್ಚೂ ಮೀನೆಣ್ಣೆ ಹಚ್ಚಿದ. ಟ್ರ್ಯಾಕ್ಟರ್ ಹೊರಟಿತು ಗಜನಿಗೆ, ಮುಂದೆ ಟ್ರ್ಯಾಕ್ಟರ್, ಹಿಂದೆ ಊರಿನ ಬೆಕ್ಕೆಲ್ಲಾ ಮೆರವಣಿಗೆ. ಕೆಸರಿಗೆ ಇಳಿಸೂಕೆ ಯಾರಿಗೂ ಧೈರ್ಯ ಇಲ್ಲ. ಆವಾಗ ನಾನು ಪಂಚೆ ಎತ್ತಿ ಕಟ್ಟಿ ಸೀಟ್ ಹತ್ತಿದೆ! ಹೆಂಗಸರು ಗಂಡಸರು ಸಾಲಾಗಿ ನಿಂತು ಮಣ್ಣಿನ ಹೆಂಟೆ ಕೈಯಿಂದ ಕೈಗೆ ದಾಟಿಸೂದು, ನಾನು ದೂಡೂದು, ಅವರು ದಾಟಿಸೂದು, ನಾನು ದೂಡೂದು. ನೆತ್ತಿ ಮೇಲೆ ಸೂರ್ಯ, ಭರತಿ ಏರ್ತಾ ಬಂತು. ಕಟ್ಟೇಲಿ ಇನ್ನೊಂದು ಗಂಡಿ ಉಳಿದದೆ, ಮಣ್ಣು ಮುಗೀತು! ಯಾರೋ ಮುದುಕಿ ಅತ್ಲು, "ಹೋತು ನಮ್ಮ ಬೀಜ, ಹೋತು." ನಾನು ಹಲ್ಲು ಕಚ್ಚಿದೆ, ಟ್ರ್ಯಾಕ್ಟರನ್ನೇ ಅಡ್ಡ ತಿರುಗ್ಸಿ ಗಂಡಿಗೆ ಬೆಣೆ ಹೊಡೆದಹಂಗೆ ಹೊಗ್ಸಿದೆ. ನೀರು ಸೊಂಟಕ್ಕೆ ಬಂತು, ಎದೆಗೆ ಬಂತು, ಗಡ್ಡಕ್ಕೆ ಬಂತು, ಕಿಸೆ ಒಳಗೆ ಎರಡು ನೊಗ್ಲಿ ಮೀನು ಹೊಕ್ಕು ಕೂತ್ವು. ನಾನು ಸಮುದ್ರದ ಕಡೆ ಕಣ್ಣು ಬಿಟ್ಟು ನೋಡ್ದೆ, ಹಿಂಗೆ. ಸಮುದ್ರ ನನ್ನ ನೋಡ್ತು. ಆಮೇಲೆ ತಿರುಗಿ ಹೋತು ನೋಡು! ಒಂದು ಮೊಳಕೆ ಹೋಗ್ಲಿಲ್ಲ, ಒಂದೇ ಒಂದು...

ಎಂತ ತಂಗಿ? ಎಂತ ಅಂದೆ? ಕಾಸರಕೋಡಲ್ಲಿ ಪೀಪಾಯಿ ಮೇಲೆ ಯಾರು ಕೂತಿದ್ರು ಅಂತಾ? ನಾನು. ಹೌದು, ಅಲ್ಲಾಡ್ಲಿಲ್ಲ. ಅಮಾಸೆ ದಿನಾನೂ ಅಲ್ಲೇ... ಮತ್ತೆ ಇಲ್ಲಿ ಟ್ರ್ಯಾಕ್ಟರ್ ಮೇಲೆ... ನಗ್ತೀಯೆಂತ! ತಮ್ಮನೂ ನಗ್ತಾ ಇದ್ದಾನೆ ನೋಡು! ಅದ್ಕೇ ನಾನು ಹೇಳೂದು, ಊರಿನ ಕೆಲ್ಸ ಬಂದಾಗ ಮನುಷ್ಯ ಎಲ್ಲಿ ಕೂರ್ಸಿದ್ರೂ ಗಟ್ಟಿ ಕೂರ್ಬೇಕು. ಏಳಿ ಈಗ, ಅಜ್ಜಿ ಊಟಕ್ಕೆ ಕರೀತಾಳೆ.