ಒದ್ದೆ ಬೆಂಚು

ಒಂದೂರಲ್ಲಿದ್ದ ಒಬ್ಬ ಶ್ರೀಮಂತನ ಹೆಂಡತಿ ತೀರಿಕೊಂಡಳು. ನಲವತ್ತು ವರ್ಷ ಜೊತೆಗಿದ್ದವಳು. ಅವನಿಗೆ ಮನೆಯಲ್ಲಿ ಕೂರಲಾಗದು, ನಿಲ್ಲಲಾಗದು. ಹೋದವರಿಗಾಗಿ ಏನು ಮಾಡಿದರೆ ಈ ಸಂಕಟ ತಗ್ಗೀತು? ತಾಯಂದಿರೇ, ಈ ಪ್ರಶ್ನೆ ಈ ವರ್ಷ ನನ್ನನ್ನೂ ಬಿಟ್ಟಿಲ್ಲ. ಅವನು ಬಸ್ ನಿಲ್ದಾಣದಲ್ಲಿ ಕಲ್ಲಿನ ಬೆಂಚು ಹಾಕಿಸಿದ. ಕೂರುವ ಕಲ್ಲಿನ ತುದಿಯಲ್ಲಿ ಹೆಂಡತಿಯ ಹೆಸರು ಕೆತ್ತಿಸಿದ. ಒಳ್ಳೆಯ ಕೆಲಸವೇ. ಆದರೆ ಮುಂದೇನಾಯಿತು ನೋಡಿ.

ಒಂದು ಸಂಜೆ ಹೋಗಿ ನೋಡುತ್ತಾನೆ, ಮನೆಮಠವಿಲ್ಲದ ಒಬ್ಬ ಮುದುಕಿ ಬೆಂಚಿನ ಮೇಲೆ ಮಲಗಿದ್ದಾಳೆ. ತಲೆ ಸರಿಯಾಗಿ ಆ ಹೆಸರಿನ ಮೇಲೆ.

“ಏಳಬೇ, ಇದೇನ್ ನಿನ್ನ ಮನಿ ಅಂತ ತಿಳಿದೀಯೇನು? ಅಲ್ಲಿ ನನ್ನ ಹೆಂಡತಿ ಹೆಸರೈತಿ.”

ಮುದುಕಿ ಎದ್ದು ಕುಳಿತು ಅಕ್ಷರಗಳನ್ನು ಬೆರಳಿನಿಂದ ಸವರಿದಳು. “ಓದಾಕ ಬರಂಗಿಲ್ರೀ ಯಪ್ಪಾ. ಆಕೀನ ಕೇಳ್ರಿ. ಏಳು ಅಂದ್ಲಂದ್ರ ಏಳ್ತೀನಿ.”

ಶ್ರೀಮಂತ ಬಂದ ದಾರಿ ಹಿಡಿದ. ಮಾರನೆಯ ದಿನದಿಂದ ಆಳಿಗೆ ಹೇಳಿ ದಿನಾ ಸಂಜೆ ಬೆಂಚಿನ ಮೇಲೆ ಒಂದು ಕೊಡ ನೀರು ಹೊಯ್ಯಿಸಿದ. ಚಳಿಗಾಲ. ಒದ್ದೆ ಕಲ್ಲಿನ ಮೇಲೆ ಯಾರು ಮಲಗುತ್ತಾರೆ? ಮುದುಕಿ ಪಕ್ಕದ ನೆಲಕ್ಕೆ ಸರಿದಳು. ಹೆಸರು ಶುದ್ಧವಾಯಿತು. ಅವನಿಗೆ ನಿದ್ದೆ ಮಾತ್ರ ಬರಲಿಲ್ಲ.

ವಾರ ಕಳೆದು ಮತ್ತೆ ಹೋಗಿ, ಅಲ್ಲಿದ್ದ ಒಂದು ಕಂಬದ ಮರೆಯಲ್ಲಿ ನಿಂತ. ಕೂಸನ್ನು ಎತ್ತಿಕೊಂಡ ಹೆಣ್ಣುಮಗಳೊಬ್ಬಳು ಬೆಂಚಿನ ಮೇಲಿನ ಹೆಸರು ಓದಿ, “ಯಾವ ಪುಣ್ಯಾತ್ಗಿತ್ತಿ ಬೆಂಚೋ, ಕುಂದರಾಕ ಬರಂಗಿಲ್ಲ,” ಎಂದು ಗೊಣಗುತ್ತಿದ್ದಳು. ಮುದುಕಿ ನೆಲದಿಂದ ಎದ್ದು ತನ್ನ ಸೆರಗಿನಿಂದ ಕಲ್ಲನ್ನು ಒರೆಸಿದಳು.

“ಕುಂದ್ರವ್ವಾ. ಆಕೀಗೇನೂ ಅನಬ್ಯಾಡ. ಆಕಿ ಚಲೋ ಆಕಿ. ಗಂಡಗ ನೀರಿನ ಹುಚ್ಚು.”

ಕೇಳಿದಿರಾ? ಸತ್ತವಳ ಹೆಸರನ್ನು ಕಾಪಾಡಿದವರು ಯಾರು?

ಶ್ರೀಮಂತ ಕಂಬದ ಮರೆಯಿಂದಲೇ ಮನೆಗೆ ತಿರುಗಿದ. ನೀರು ನಿಲ್ಲಿಸಿದ. ಟ್ರಂಕಿನಿಂದ, ಹೆಂಡತಿ ಹಳೆಯ ಸೀರೆ ಸೇರಿಸಿ ಹೊದೆಯಲು ಹೊಲಿದ ಕೌದಿ ತೆಗೆದ. ಮುದುಕಿಗೆ ಕೊಡಬೇಕು, ಕೈ ಬಿಡಲೊಲ್ಲದು. ನಾಳೆ ಕೊಟ್ಟರಾಯಿತು ಎಂದ. ಮರುದಿನವೂ ನಾಳೆ ಎಂದ. ಮೂರನೆಯ ದಿನ ಕೌದಿ ಹಿಡಿದು ಹೋದರೆ ಬೆಂಚು ಒಣಗಿತ್ತು, ಮುದುಕಿ ಇರಲಿಲ್ಲ. ಚಹಾದಂಗಡಿಯವನನ್ನು ಕೇಳಿದ.

“ಯಾವ ಮುದುಕಿ ಸಾವ್ಕಾರ್ರ? ಇಲ್ಲಿ ದಿನಾ ಎಷ್ಟೋ ಮಂದಿ ಬರ್ತಾರ, ಹೋಗ್ತಾರ. ಹೆಸರ ಹೇಳ್ರಿ, ವಿಚಾರಿಸ್ತೀನಿ.”

ಹೆಸರು. ಕಲ್ಲಿನಲ್ಲಿ ಹೆಸರು ಕೆತ್ತಿಸಿದವನಿಗೆ ಅದೇ ಗೊತ್ತಿರಲಿಲ್ಲ. ಇವತ್ತಿಗೂ ಸಂಜೆಯಾದರೆ ಅವನು ಕೌದಿ ಹಿಡಿದು ಆ ನಿಲ್ದಾಣದಲ್ಲಿ ಅತ್ತಿಂದಿತ್ತ ಅಲೆಯುತ್ತಾನಂತೆ.

ಅವನ ಮಾತು ಬಿಡಿ, ನಮ್ಮ ಮಾತಿಗೆ ಬರೋಣ. ಅಂಗಡಿ ಮುಚ್ಚುವಾಗ, ಯಾರೂ ಮಲಗದಿರಲೆಂದು ಕಟ್ಟೆಗೆ ನೀರು ಹೊಯ್ದು ಬರುವವರು ಇಲ್ಲಿ ಎಷ್ಟು ಜನ ಕುಳಿತಿದ್ದೀರಿ? ಕೈ ಎತ್ತುವುದು ಬೇಡ. ಇವತ್ತು ಆ ಕಟ್ಟೆ ಒಣಗಿರಲಿ, ಅಷ್ಟೇ. ಹೋದವರ ಶಾಲು, ಕೌದಿ ಮಡಚಿಟ್ಟಿದ್ದೀರಲ್ಲ, ಅದಕ್ಕೆ ನಾಳೆ ಎನ್ನಬೇಡಿ. ನನ್ನ ಮನೆಯಲ್ಲೂ ಒಂದಿದೆ. ಇಲ್ಲಿಂದ ಎದ್ದು ಹೋಗಿ ಮೊದಲು ಅದನ್ನೇ ತೆಗೆಯುತ್ತೇನೆ. ಚಳಿಯಲ್ಲಿ ಹೊರಗೆ ಮಲಗುವವರಿಗೆ ಕೊಡುವಾಗ ಎಸೆದು ಬರಬೇಡಿ. ಪಕ್ಕದಲ್ಲಿ ಒಂದು ಗಳಿಗೆ ಕುಳಿತು, ನಿಮ್ಮ ಹೆಸರೇನು ಎಂದು ಕೇಳಿ. ಅದಕ್ಕೇನು ಖರ್ಚು? ಕೇಳಿಟ್ಟುಕೊಳ್ಳಿ. ನಾಳೆ ಆ ಜಾಗ ಖಾಲಿಯಾಗಿದ್ದರೆ ಏನೆಂದು ಕೂಗಿ ಹುಡುಕುತ್ತೀರಿ?